ತುಂಬಿ ಬಂದ ನೀರಿನ ಬಾಟಲಿ ಹೇಳಿದ ಪಾಠ

ಶಾಲೆಯಿಂದ ಬಂದ ಮಕ್ಕಳ ಚೀಲ ತೆರೆದು ಊಟದ ಡಬ್ಬಿ, ನೀರಿನ ಬಾಟಲಿ ಹೊರಗೆ ತೆಗೆಯುವುದು ನಮ್ಮೆಲ್ಲರ ಮನೆಯ ಸಂಜೆಯ ಕೆಲಸ. ಡಬ್ಬಿಯಲ್ಲಿ ಚಪಾತಿ ಉಳಿದಿದ್ದರೆ ತಕ್ಷಣ ವಿಚಾರಣೆ ಶುರು. "ಯಾಕೇ, ಪಲ್ಯ ಸೇರಲಿಲ್ಲವಾ?" ಎಂದು ಕೇಳುತ್ತೇವೆ. ಆದರೆ ಬೆಳಿಗ್ಗೆ ತುಂಬಿ ಕಳಿಸಿದ ನೀರಿನ ಬಾಟಲಿ ಸಂಜೆ ತುಂಬಿಯೇ ಬಂದರೆ? ನಾನಂತೂ ಎಷ್ಟೋ ತಿಂಗಳು ಆ ನೀರನ್ನು ತುಳಸಿ ಗಿಡಕ್ಕೋ ದಾಸವಾಳಕ್ಕೋ ಸುರಿದು ಸುಮ್ಮನಾಗಿಬಿಡುತ್ತಿದ್ದೆ. ಗಿಡಗಳು ಚೆನ್ನಾಗಿದ್ದವು. ಮಗಳು ಚೆನ್ನಾಗಿರಲಿಲ್ಲ.

ಐದನೇ ತರಗತಿಯಲ್ಲಿ ಓದುವ ಮಗಳು ಒಂದು ದಿನ ಉರಿಮೂತ್ರ ಎಂದು ಅತ್ತಾಗ ಡಾಕ್ಟರ ಬಳಿಗೆ ಕರೆದುಕೊಂಡು ಓಡಿದೆ. ಡಾಕ್ಟರಮ್ಮ ಔಷಧಿ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಶಾಲೇಲಿ ನೀರು ಕುಡೀತೀಯಾ ಪುಟ್ಟಿ?" ಅವಳು ನೆಲ ನೋಡುತ್ತಾ ಮೆಲ್ಲಗೆ ಹೇಳಿದಳು, "ಕುಡಿದರೆ ಹೋಗಬೇಕಾಗುತ್ತಲ್ಲ!"

ಅದೇ ವಾರ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ವಿಷಯ 'ನಿರ್ಮಲ ನಗರ'. ನಮ್ಮ ಮನೆಯವರೂ ಮೈದುನನೂ ಕೂತು ರಾತ್ರಿ ಹನ್ನೆರಡರವರೆಗೆ ಥರ್ಮಾಕೋಲ್ ಕತ್ತರಿಸಿದರು. ನಾನು ಬಣ್ಣ ಬಳಿದೆ. 'ವಿದ್ಯಾರ್ಥಿನಿಯ ಸ್ವಂತ ಪ್ರಯತ್ನ' ಎಂದು ಚೀಟಿ ಅಂಟಿಸುವ ಹೊತ್ತಿಗೆ ವಿದ್ಯಾರ್ಥಿನಿ ಗಾಢ ನಿದ್ರೆಯಲ್ಲಿದ್ದಳು! ಆ ನಗರದಲ್ಲಿ ಕಾರಂಜಿ ಇತ್ತು, ಉದ್ಯಾನವಿತ್ತು, ಬಾಗಿಲು ಸರಿಯಾಗಿ ಮುಚ್ಚುವ ಎರಡು ಪುಟ್ಟ ಶೌಚಾಲಯಗಳೂ ಇದ್ದವು. ಎರಡನೆಯ ಬಹುಮಾನ ಬಂತು.

ಬಹುಮಾನ ಬಂದ ಆ ಥರ್ಮಾಕೋಲ್ ನಗರವನ್ನೂ ತುಂಬಿ ಬಂದ ಬಾಟಲಿಯನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಾಚಿಕೆಯಾಯಿತು. ಯಾವುದೋ ಊರಿನ ಕಷ್ಟಕ್ಕೆ ಅಂಟು, ಬಣ್ಣ ಬಳಿದು ಪರಿಹಾರ ಮಾಡಿದ್ದೆವು. ಎದುರಿಗಿದ್ದ ಮಗುವಿನ ಕಷ್ಟವನ್ನು ಯಾರೂ ಕೇಳಿರಲಿಲ್ಲ, ಹೆತ್ತ ತಾಯಿಯಾದ ನಾನೂ ಕೇಳಿರಲಿಲ್ಲ.

ಕಷ್ಟ ಯಾರದೋ ಅವರನ್ನು ಮೊದಲು ನೋಡು, ಕೇಳು, ಆಮೇಲೆ ಪರಿಹಾರ ಹುಡುಕು. ಇಷ್ಟು ಸರಳವಾದ ಮಾತಿಗೆ ಇಂದು ವಿದ್ಯಾವಂತರ ಲೋಕದಲ್ಲಿ ಒಂದು ದೊಡ್ಡ ಹೆಸರಿದೆ, 'ಡಿಸೈನ್ ಥಿಂಕಿಂಗ್' ಅಂತ. ಹೆಸರು ಕೇಳಿ ಹೆದರಬೇಡಿ. ಅದರ ಬೇರು ನಮ್ಮ ಬಚ್ಚಲುಮನೆಯಲ್ಲೇ ಇದೆ!

ಚೊಂಬನ್ನು ಮೆಚ್ಚಿದ ದಂಪತಿ

ಡಿಸೈನ್ ಎಂದೊಡನೆ ನಮಗೆ ನೆನಪಾಗುವುದು ಸೀರೆಯ ಅಂಚು, ಬಳೆಯ ಕೆತ್ತನೆ, ಹಬ್ಬದ ರಂಗೋಲಿ. ಅಂದರೆ ನೋಟಕ್ಕೆ ಚೆಂದವಾಗಿರುವುದು. ಆದರೆ ಆ ಮಾತಿನ ಅರ್ಥ ಅಷ್ಟಕ್ಕೇ ಮುಗಿಯುವುದಿಲ್ಲ.

ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿ ಹೆಸರುವಾಸಿ ವಿನ್ಯಾಸಕಾರರು. ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿಗೆ ಬಂದು ದೇಶವನ್ನು ಸುತ್ತಿ 1958ರಲ್ಲಿ ಅವರೊಂದು ವರದಿ ಬರೆದರು. ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರ ಮನಸ್ಸನ್ನು ಬಹುವಾಗಿ ಸೆಳೆದದ್ದು ಯಾವುದು ಗೊತ್ತೇ? ಅರಮನೆಯಲ್ಲ, ರೇಷ್ಮೆಯಲ್ಲ. ನಾವು ದಿನಾ ಬೂದಿಯಲ್ಲೋ ಹುಣಸೆಹಣ್ಣಿನಲ್ಲೋ ತಿಕ್ಕಿ ತೊಳೆಯುತ್ತಿದ್ದ ಚೊಂಬು! ಇದಕ್ಕೆ ಎಷ್ಟು ನೀರು ಹಿಡಿಯಬೇಕು? ಹಿಡಿಯುವುದು ಗಂಡಸಿನ ಕೈಯೋ, ಹೆಂಗಸಿನ ಕೈಯೋ? ತಲೆಯ ಮೇಲೆ ಹೊರುತ್ತಾರೋ, ಸೊಂಟದಲ್ಲೋ? ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ, ಖಾಲಿಯಾದಾಗ ಹೇಗೆ? ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ? ಒಳಗೆ ಕೈ ಹಾಕಿ ತೊಳೆಯಬಹುದೇ? ಬೆಲೆ ಎಷ್ಟು? ಹೀಗೆ ಒಂದು ಚೊಂಬಿನ ಹಿಂದೆ ಎಷ್ಟೊಂದು ಪ್ರಶ್ನೆಗಳಿವೆ ಎಂದು ಅವರು ಪಟ್ಟಿ ಮಾಡಿದರು. ಯಾರೋ ಒಬ್ಬರು ಕೂತು ಗೆರೆ ಎಳೆದು ಮಾಡಿದ ಪಾತ್ರೆ ಇದಲ್ಲ. ತಲೆತಲಾಂತರದಿಂದ ಬಳಸುವವರ ಕೈಗೆ ಒಗ್ಗುತ್ತಾ ಒಗ್ಗುತ್ತಾ ಈ ಆಕಾರ ಪಡೆದದ್ದು.

ಆ ವರದಿಯನ್ನು ಅನುಸರಿಸಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಈಗ ನೀವೇ ಯೋಚಿಸಿ. ಕೈ ನಡುಗುವ ಅತ್ತೆಗೆ ತುಂಬಿದ ಲೋಟ ಕೊಡದೆ ಹಿಡಿಯಿರುವ ಕಪ್ಪಿನಲ್ಲಿ ಮುಕ್ಕಾಲು ಕಾಫಿ ಕೊಡುವವರು ನೀವು. ಚಿಕ್ಕ ಮಗುವಿಗೆ ಎಟುಕುವಂತೆ ಟವೆಲ್ಲಿನ ಮೊಳೆಯನ್ನು ಕೆಳಗೆ ಹೊಡೆಸಿದವರು ನೀವು. ಬಳಸುವವರ ಕೈ, ಕಣ್ಣು, ಮನಸ್ಸು ನೋಡಿ ಮನೆಯನ್ನು ಹೊಂದಿಸುವ ಈ ಜಾಣ್ಮೆ ನಮಗೆ ಹೊಸದಲ್ಲ. ಹೊಸದೇನೆಂದರೆ ಅದನ್ನು ತರಗತಿಯ ಒಳಗೆ ಕರೆದೊಯ್ಯುವುದು.

ಎಂಟು ಗಂಟೆ ಊದುಬತ್ತಿ ಹೊಸೆದ ಮಕ್ಕಳು

ಹಾಗೆ ಕರೆದೊಯ್ದವರಲ್ಲಿ ಒಬ್ಬರು ಕಿರಣ್ ಬೀರ್ ಸೇಠಿ. ಅಹಮದಾಬಾದಿನ ಅದೇ ಸಂಸ್ಥೆಯಲ್ಲಿ ವಿನ್ಯಾಸ ಕಲಿತ ಆಕೆ, ತಮ್ಮ ಮಗ ಶಾಲೆಗೆ ಹೋಗಲು ಶುರುಮಾಡಿದಾಗ ಅಲ್ಲಿನ ಕಲಿಕೆಯ ರೀತಿ ಕಂಡು ಬೇಸರಗೊಂಡರು. ಬೇಸರ ನಮಗೂ ಆಗುತ್ತದೆ, ಗೊಣಗಿ ಸುಮ್ಮನಾಗುತ್ತೇವೆ. ಆಕೆ 2001ರಲ್ಲಿ ಅದೇ ಊರಿನಲ್ಲಿ 'ರಿವರ್‌ಸೈಡ್' ಎಂಬ ಶಾಲೆಯನ್ನೇ ತೆರೆದುಬಿಟ್ಟರು!

2009ರ ನವೆಂಬರ್‌ನಲ್ಲಿ ಆಕೆ ನಮ್ಮ ಮೈಸೂರಿಗೆ ಬಂದಿದ್ದರು. ಅಲ್ಲಿ ನಡೆದ ಟೆಡ್ ಇಂಡಿಯಾ ಸಮ್ಮೇಳನದಲ್ಲಿ ತಮ್ಮ ಶಾಲೆಯ ಐದನೇ ತರಗತಿಯ ಒಂದು ಪಾಠದ ಕಥೆ ಹೇಳಿದರು. ಪಾಠ ಮಕ್ಕಳ ಹಕ್ಕುಗಳ ಬಗ್ಗೆ. ನಮ್ಮ ಶಾಲೆಗಳಲ್ಲಾದರೆ 'ಬಾಲಕಾರ್ಮಿಕ ಪದ್ಧತಿ ಎಂದರೇನು?' ಎಂಬ ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಅಲ್ಲಿ ಮಕ್ಕಳನ್ನು ಊದುಬತ್ತಿ ಹೊಸೆಯಲು ಕೂರಿಸಿದರು, ಎಂಟು ಗಂಟೆಗಳ ಕೆಲಸಕ್ಕೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಬೆನ್ನು ಬಿದ್ದುಹೋಯಿತು. ದೇವರ ಮುಂದೆ ಹಚ್ಚುವ ಒಂದೊಂದು ಕಡ್ಡಿಯ ಹಿಂದೆ ಯಾರದೋ ಬೆನ್ನು ಬಗ್ಗಿರುತ್ತದೆ ಎಂಬುದು ಪುಸ್ತಕವಿಲ್ಲದೆ ಅರ್ಥವಾಯಿತು. ಆಮೇಲೆ ಆ ಮಕ್ಕಳು ಊರಿನ ಬೀದಿಗಿಳಿದು, ಮಕ್ಕಳನ್ನು ದುಡಿಸಬೇಡಿ ಎಂದು ಹಿರಿಯರೊಡನೆ ವಾದಕ್ಕೇ ನಿಂತರು.

ಅದೇ ವರ್ಷ ಆಕೆ 'ಡಿಸೈನ್ ಫಾರ್ ಚೇಂಜ್' ಎಂಬ ಕಾರ್ಯಕ್ರಮ ಆರಂಭಿಸಿದರು. ಅದು ಹತ್ತಾರು ದೇಶಗಳಿಗೆ ಹಬ್ಬಿತು. ಅದರ ಹಂತಗಳು ನಾಲ್ಕೇ: ಅನುಭವಿಸು, ಕಲ್ಪಿಸು, ಮಾಡು, ಹಂಚಿಕೋ. ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಹೊಸ ಅಡುಗೆ ಕಲಿಯುವಾಗ ನಾವು ಮಾಡುವುದೂ ಇದನ್ನೇ ತಾನೇ? ಮನೆಯವರ ನಾಲಿಗೆ ತಿಳಿದುಕೊಂಡು, ಹೀಗೆ ಮಾಡಿದರೆ ಹೇಗೆ ಎಂದು ಯೋಚಿಸಿ, ಮಾಡಿ ನೋಡಿ, ಪಕ್ಕದ ಮನೆಗೊಂದು ಬಟ್ಟಲು ಕಳಿಸುತ್ತೇವೆ.

ತಪ್ಪು ತಾಯಿಯದಲ್ಲ

ಮೊದಲನೆಯ ಹಂತವನ್ನು ಬಿಟ್ಟರೆ ಏನಾಗುತ್ತದೆ? ಅದಕ್ಕೆ ಇನ್ನೊಂದು ತರಗತಿಯ ಕಥೆ ಕೇಳಿ. ಇದು ಬಾಣಂತಿಯರಿಗೂ ಹಸುಗೂಸುಗಳಿಗೂ ಸಂಬಂಧಿಸಿದ್ದು.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ ಕೆಲವು ವಿದ್ಯಾರ್ಥಿಗಳಿಗೆ, ಬಡ ದೇಶಗಳಿಗೆ ಅಗ್ಗದ ಇನ್‌ಕ್ಯುಬೇಟರ್ ತಯಾರಿಸಿ ಎಂಬ ಕೆಲಸ ಕೊಟ್ಟರು. ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ಅದು. ಅವರಲ್ಲೊಬ್ಬರು ನೇಪಾಳಕ್ಕೆ ಹೋಗಿ ನೋಡಿದರೆ, ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಖಾಲಿ ನಿಂತಿದ್ದವು! ಇಂಥ ಶಿಶುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ, ಅವು ಆಸ್ಪತ್ರೆಗೆ ಬಂದು ತಲುಪುತ್ತಲೇ ಇರಲಿಲ್ಲ. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು. ಬೇಕಾದದ್ದು ಅಗ್ಗದ ಪೆಟ್ಟಿಗೆಯಲ್ಲ, ತಾಯಿಯ ಕೈಯಲ್ಲೇ ಇರುವ ಬಿಸುಪು.

ಹೀಗೆ ಹುಟ್ಟಿದ್ದು 'ಎಂಬ್ರೇಸ್', ಅಂದರೆ ಅಪ್ಪುಗೆ. ಶಿಶುವನ್ನು ಮಲಗಿಸುವ ಪುಟ್ಟ ಚೀಲ, ಒಳಗೆ ಮೇಣದಂಥ ವಸ್ತುವಿನ ಪೊಟ್ಟಣ. ಒಮ್ಮೆ ಕಾಯಿಸಿದರೆ ಅದು ಕೆಲವು ಗಂಟೆಗಳ ಕಾಲ ದೇಹದ ಶಾಖದಷ್ಟೇ, ಸುಮಾರು 37 ಡಿಗ್ರಿ, ಬೆಚ್ಚಗಿರುತ್ತದೆ. ಜೇನ್ ಚೆನ್, ಲೈನಸ್ ಲಿಯಾಂಗ್, ನಾಗಾನಂದ ಮೂರ್ತಿ, ರಾಹುಲ್ ಪಣಿಕ್ಕರ್ ಮೊದಲಾದವರ ಈ ತಂಡ ಕೆಲಸ ಮುಂದುವರಿಸಲು ಬಂದು ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲೇ.

ಆದರೂ ಒಂದು ತೊಡಕು ಉಳಿದಿತ್ತು. ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ ಒಬ್ಬ ತಾಯಿಗೆ ಅದನ್ನು ತೋರಿಸಿದಾಗ ಆಕೆಯ ಮಾತಿನಿಂದ ತಿಳಿದದ್ದು ಇದು: ಇಂಗ್ಲಿಷ್ ಔಷಧಿ ಬಲು ಉಗ್ರ, ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಕೊಡುವುದೇ ಕ್ಷೇಮ ಎಂಬುದು ಆಕೆಯ ನಂಬಿಕೆ. 37 ಡಿಗ್ರಿಗೆ ಕಾಯಿಸು ಎಂದರೆ, ಮಗುವಿಗೆ ಹೆಚ್ಚಾದೀತು ಎಂದು 30ಕ್ಕೇ ನಿಲ್ಲಿಸುತ್ತಾಳೆ! ನಮ್ಮಲ್ಲೂ ಎಷ್ಟು ಜನ ಡಾಕ್ಟರು ಒಂದು ಚಮಚ ಎಂದರೆ 'ಕೂಸಿಗೆ ಉಷ್ಣ' ಅಂತ ಅರ್ಧ ಚಮಚ ಕುಡಿಸುವುದಿಲ್ಲ, ಹೇಳಿ?

ಆ ತಾಯಿಯನ್ನು 'ಅನಕ್ಷರಸ್ಥೆ, ಬುದ್ಧಿಯಿಲ್ಲ' ಎಂದು ಬೈದು ಬರಬಹುದಿತ್ತು. ತಂಡದವರು ಹಾಗೆ ಮಾಡಲಿಲ್ಲ. ಡಿಗ್ರಿಯ ಅಂಕಿಗಳನ್ನೇ ತೆಗೆದುಹಾಕಿ 'ಸರಿ ಇದೆ', 'ಸರಿ ಇಲ್ಲ' ಎಂದಷ್ಟೇ ತೋರಿಸುವ ಗುರುತು ಇಟ್ಟರು. ತಿದ್ದಬೇಕಾದದ್ದು ತಾಯಿಯನ್ನಲ್ಲ, ವಸ್ತುವನ್ನು. ಪ್ರಯೋಗಶಾಲೆಯಲ್ಲಿ ಎಷ್ಟು ವರ್ಷ ಕೂತಿದ್ದರೂ ಈ ಸಂಗತಿ ಅವರಿಗೆ ತಿಳಿಯುತ್ತಿತ್ತೇ?

ಹದಿನೇಳು ಸೆಕೆಂಡಿನ ಲೆಕ್ಕ

ಈಗ ನಮ್ಮ ಊರಿಗೆ ಬರೋಣ. ಬಾಟಲಿಯ ವಿಷಯ ಹೇಳಲು ನಾನು ಮಗಳ ಕ್ಲಾಸ್ ಟೀಚರ ಬಳಿ ಹೋದೆ. ಮನಸ್ಸಿನಲ್ಲಿ ಸಿಟ್ಟಿತ್ತು. ಶೌಚಾಲಯ ಗಲೀಜಾಗಿದೆ, ಆಯಾಗೆ ಹೇಳಿ ತೊಳೆಸಿ ಎಂದು ಜಗಳವಾಡುವ ಸಿದ್ಧತೆಯಲ್ಲೇ ಹೋಗಿದ್ದೆ.

ಟೀಚರಿಗೂ ಮೊದಲು ಹಾಗೇ ಅನ್ನಿಸಿತು. "ನಾವು ನೀರಿನ ಗಂಟೆಯನ್ನೂ ಬಾರಿಸ್ತೀವಲ್ಲ ಮೇಡಂ" ಎಂದರು. 2019ರಲ್ಲಿ ಕೇರಳದ ಶಾಲೆಗಳಲ್ಲಿ ಹೆಸರಾಗಿ, ಅದೇ ವರ್ಷ ನಮ್ಮ ರಾಜ್ಯಕ್ಕೂ ಬಂದ ಒಳ್ಳೆಯ ಪದ್ಧತಿ ಅದು. ಗಂಟೆ ಹೊಡೆದೊಡನೆ ಮಕ್ಕಳೆಲ್ಲ ನೀರು ಕುಡಿಯಬೇಕು. ನನ್ನ ಮಗಳು ಬಾಟಲಿ ಎತ್ತಿ ತುಟಿ ಒದ್ದೆ ಮಾಡಿಕೊಂಡು ಇಡುತ್ತಿದ್ದಳಂತೆ. ಗಂಟೆಯ ಮೇಲೆ ತಪ್ಪು ಹೊರಿಸಲಾದೀತೇ?

ಆ ಟೀಚರು ಯಾವುದೋ ತರಬೇತಿಯಲ್ಲಿ ಈ ನಾಲ್ಕು ಹಂತಗಳ ಬಗ್ಗೆ ಕೇಳಿದ್ದರಂತೆ. "ಮಕ್ಕಳನ್ನೇ ಕೇಳೋಣ ಇರಿ" ಎಂದರು. ಶನಿವಾರದ ಒಂದು ಪೀರಿಯಡ್ಡಿನಲ್ಲಿ ಹುಡುಗಿಯರಿಗೆಲ್ಲ ಹೆಸರು ಬರೆಯದ ಚೀಟಿ ಕೊಟ್ಟು, ನೀರು ಯಾಕೆ ಕುಡಿಯುವುದಿಲ್ಲ ಎಂದು ಬರೆಸಿದರು. ಗಲೀಜು ಎಂದು ಬರೆದವರು ಕೆಲವರೇ! ಉಳಿದ ಚೀಟಿಗಳಲ್ಲಿ ಇದ್ದದ್ದೇ ಬೇರೆ. ಚಿಲಕ ಎತ್ತರದಲ್ಲಿದೆ, ಎಟುಕುವುದಿಲ್ಲ. ಬಾಗಿಲು ಹಿಡಿದುಕೊಳ್ಳಲು ಗೆಳತಿ ಬೇಕು, ಅವಳಿಗೆ ಆಟ ತಪ್ಪುತ್ತದೆ, ಅದಕ್ಕೇ ಅವಳು ಬರುವುದಿಲ್ಲ. ದೊಡ್ಡ ಕ್ಲಾಸಿನ ಅಕ್ಕಂದಿರು ಮೊದಲು ನುಗ್ಗುತ್ತಾರೆ. ಮಗ್ಗು ಯಾವಾಗಲೂ ಹೊರಗೇ ಬಿದ್ದಿರುತ್ತದೆ. ಓದುತ್ತಾ ಓದುತ್ತಾ ಟೀಚರ ಕಣ್ಣು ಒದ್ದೆಯಾಯಿತಂತೆ. ಆ ಬಾಗಿಲ ಮುಂದೆಯೇ ದಿನಕ್ಕೆ ನಾಲ್ಕು ಸಲ ಓಡಾಡುವವರು ಅವರು. ದೊಡ್ಡವರ ಕೈಗೆ ಎಟುಕುವ ಚಿಲಕ ಅವರ ಕಣ್ಣಿಗೆ ತೊಂದರೆಯಾಗಿ ಕಂಡಿರಲಿಲ್ಲ.

ಹುಡುಗರಿಗೆ ಗಣಿತದ ಕೆಲಸ ಕೊಟ್ಟರು. ಚಿಕ್ಕ ಬಿಡುವು ಹತ್ತು ನಿಮಿಷ, ಎರಡು ಶೌಚಾಲಯ, 72 ಹುಡುಗಿಯರು. ಒಂದು ಬಾಗಿಲಿಗೆ 36 ಜನ, 600 ಸೆಕೆಂಡು. ಭಾಗಿಸಿದರೆ ಒಬ್ಬೊಬ್ಬಳಿಗೆ ಪೂರ್ತಿ 17 ಸೆಕೆಂಡೂ ಸಿಗುವುದಿಲ್ಲ! ಸದಾ ಕೀಟಲೆ ಮಾಡುವ ಹುಡುಗರೂ ಈ ಉತ್ತರ ಬಂದಾಗ ಸುಮ್ಮನೆ ಕೂತರಂತೆ.

ಆಮೇಲೆ ಉಪಾಯಗಳ ಸುರಿಮಳೆ. ಮೊದಲು 'ಒಳಗಿದ್ದೇವೆ' ಎಂದು ರಟ್ಟಿನ ಹಲಗೆ ಮಾಡಿ ಬಾಗಿಲಿಗೆ ತೂಗುಹಾಕಿದರು. ಎರಡೇ ದಿನದಲ್ಲಿ ಅದು ಕೆಟ್ಟಿತು. ಹೊರಗೆ ಬಂದವರು ಹಲಗೆ ತೆಗೆಯಲು ಮರೆತು, ಖಾಲಿ ಬಾಗಿಲಿನ ಮುಂದೆ ಉದ್ದ ಸಾಲು ನಿಂತಿತ್ತು! ಟೀಚರು ಬೈಯಲಿಲ್ಲ, "ಹಲಗೆ ಏನು ಕಲಿಸಿತು?" ಎಂದು ಕೇಳಿದರು. ಮರೆತರೂ ನಡೆಯುವಂಥ ಉಪಾಯ ಬೇಕು ಎಂದು ಮಕ್ಕಳೇ ಹೇಳಿದರು. ಬಡಗಿ ಕೆಲಸದ ತಂದೆಯೊಬ್ಬರು ಬಂದು ಕೆಳಗೊಂದು ಚಿಲಕ ಹಾಕಿಕೊಟ್ಟರು. ಎಷ್ಟು ಎತ್ತರಕ್ಕೆ? ಒಂದನೇ ತರಗತಿಯ ಅತಿ ಕುಳ್ಳ ಹುಡುಗಿಯನ್ನು ನಿಲ್ಲಿಸಿ, ಅವಳ ಕೈ ಮುಟ್ಟಿದ ಕಡೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ಮಗ್ಗಿಗೆ ದಾರ ಬಂತು. ಚಿಕ್ಕ ತರಗತಿಗಳನ್ನು ಹತ್ತು ನಿಮಿಷ ಮುಂಚೆ ಬಿಡಲು ಹೆಡ್‌ಮಿಸ್ ಒಪ್ಪಿದರು. ಮೂರನೆಯ ಶೌಚಾಲಯಕ್ಕಾಗಿ 17 ಸೆಕೆಂಡಿನ ಲೆಕ್ಕವನ್ನೇ ಬರೆದು ಮಕ್ಕಳು ಆಡಳಿತ ಮಂಡಳಿಗೆ ಪತ್ರ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಬಿಡುವ ಹಾಗೆ ಕಾಣುವುದಿಲ್ಲ, ಮಕ್ಕಳೂ, ಅವರ ತಾಯಂದಿರಾದ ನಾವೂ!

ಪೋರ್ಷನ್ ಮುಗಿಯುವುದು ಯಾವಾಗ?

"ಇದೆಲ್ಲ ಚೆನ್ನಾಗಿದೆ, ಆದರೆ ಪಾಠ ನಡೆಯುವುದು ಯಾವಾಗ?" ಎಂದು ನಮ್ಮ ಪಕ್ಕದ ಮನೆಯಾಕೆ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ನೋಡಿ, ಭಾಗಾಕಾರ ಆಯಿತು, ಅಳತೆ ಆಯಿತು, ಪತ್ರಲೇಖನ ಆಯಿತು. ಪುಸ್ತಕದಲ್ಲಿ 'ರಾಮನು ಅಂಗಡಿಗೆ ಹೋಗಿ' ಎಂದು ಬರುವ ಲೆಕ್ಕಕ್ಕಿಂತ ಈ ಲೆಕ್ಕ ಅವರ ತಲೆಯಲ್ಲಿ ನಿಂತಿದೆ.

ಇನ್ನೊಂದು ಭಯ ನನ್ನದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಾಲೆಗೆ ಬರಬೇಕಾದ ಹೊಸ ವಿಷಯಗಳ ಜೊತೆ ಡಿಸೈನ್ ಥಿಂಕಿಂಗ್ ಹೆಸರೂ ಇದೆ. ಸಂತೋಷವೇ. ಆದರೆ ಅದಕ್ಕೂ ಒಂದು ಗೈಡ್ ಬಂದು, 'ಹಂತಗಳನ್ನು ಹೆಸರಿಸಿ, 4 ಅಂಕ' ಎಂದಾಗಿ, ಮಕ್ಕಳು ಉರು ಹೊಡೆಯುವಂತಾದರೆ? ಹಂತಗಳು ಬಾಯಿಗೆ ಬಂದು ಪಕ್ಕದಲ್ಲಿ ಕೂತ ಗೆಳತಿಯ ಕಷ್ಟ ಕಣ್ಣಿಗೆ ಬೀಳದಿದ್ದರೆ, ಅದೂ ಥರ್ಮಾಕೋಲ್ ನಗರವೇ.

ಮತ್ತೊಂದು ಎಚ್ಚರವೂ ಬೇಕು. ಮಕ್ಕಳು ಕೇಳಲಿ, ಅಳೆಯಲಿ, ಉಪಾಯ ಹೂಡಲಿ. ಆದರೆ ಶೌಚಾಲಯ ಕಟ್ಟಿಸುವುದು, ತೊಳೆಸುವುದು ದೊಡ್ಡವರ ಹೊಣೆ. 'ಮಕ್ಕಳೇ ಪರಿಹಾರ ಕಂಡುಕೊಂಡರು' ಎಂದು ಚಪ್ಪಾಳೆ ತಟ್ಟಿ ನಾವು ನುಣುಚಿಕೊಳ್ಳಬಾರದು.

ಮನೆಯಲ್ಲೇ ಒಂದು ಭಾನುವಾರ

ಶಾಲೆ ಶುರುಮಾಡುವವರೆಗೆ ಕಾಯಬೇಕೇ? ಬೇಡ. ಇದನ್ನು ಮಾಡಿ ನೋಡಿ.

ಬೇಕಾಗುವ ಸಾಮಾನು: ಒಂದು ಹಾಳೆ, ಪೆನ್ಸಿಲ್, ಅರ್ಧ ಗಂಟೆ ಬಿಡುವು, ಅಮ್ಮನ ಬಾಯಿಗೊಂದು ಬೀಗ.

ಮಾಡುವ ವಿಧಾನ: ಮನೆಯಲ್ಲಿ ಅಜ್ಜಿ, ತಾತ ಅಥವಾ ಪುಟ್ಟ ತಮ್ಮ ಇದ್ದರೆ ಅವರ ಒಂದು ಕೆಲಸವನ್ನು ಮಗು ಸುಮ್ಮನೆ ಕೂತು ಗಮನಿಸಲಿ. ಅಜ್ಜಿ ಮಾತ್ರೆ ಹುಡುಕುವುದಾದರೂ ಸರಿ, ತಮ್ಮ ಶರ್ಟಿನ ಗುಂಡಿ ಹಾಕಿಕೊಳ್ಳುವುದಾದರೂ ಸರಿ. ಎಲ್ಲಿ ತಡವರಿಸಿದರು ಎಂದು ಬರೆದುಕೊಳ್ಳಲಿ. ಆಮೇಲೆ "ನಿಮಗೆ ಏನು ಕಷ್ಟ ಅಜ್ಜಿ?" ಎಂದು ಕೇಳಲಿ. ತಾನು ಊಹಿಸಿದ್ದೂ ಅವರು ಹೇಳಿದ್ದೂ ಒಂದೇ ಆಗಿತ್ತೇ ಎಂದು ಹೋಲಿಸಲಿ. ಉಪಾಯವನ್ನು ಮನೆಯಲ್ಲಿರುವ ರಟ್ಟು, ದಾರ, ಹಳೇ ಡಬ್ಬಿಗಳಲ್ಲೇ ಮಾಡಲಿ. ಎರಡು ದಿನ ಅಜ್ಜಿ ಬಳಸಿ ನೋಡಲಿ. ಹಿಡಿಸದಿದ್ದರೆ ಮತ್ತೆ ತಿದ್ದಲಿ. ಮಧ್ಯೆ ನಾವು "ಹಾಗಲ್ಲ ಕಣೇ, ಕೊಡು ಇಲ್ಲಿ" ಎಂದು ಕಸಿದುಕೊಳ್ಳದಿದ್ದರೆ ಸಾಕು. ಬೀಗ ಬೇಕಾಗುವುದು ಅದಕ್ಕೇ!

ಮುಂದಿನ ಪ್ರದರ್ಶನಕ್ಕೆ ಏನು ಮಾಡುತ್ತೀಯ ಎಂದು ಮಗಳನ್ನು ಕೇಳಿದೆ. "ಇನ್ನೂ ಗೊತ್ತಿಲ್ಲಮ್ಮ, ಮೊದಲು ಯಾರನ್ನಾದರೂ ಕೇಳಬೇಕು" ಎಂದಳು. ನೀರಿನ ಬಾಟಲಿ ಈಗ ಖಾಲಿಯಾಗಿ ಬರುತ್ತಿದೆ. ಸಂಜೆ ತುಳಸಿಗೂ ದಾಸವಾಳಕ್ಕೂ ನಾನು ಬೇರೆ ನೀರು ಹೊತ್ತು ಹಾಕಬೇಕಾಗಿದೆ.